ಮೇಣದ ದಾರದ ಗಂಟು

"ಇನ್ನೂ ಎಷ್ಟು ಹೊತ್ತು ಅದರ ಹೊಟ್ಟೆ ಬಗೀತೀರಿ, ಮೇಡಂ?"

ಇನ್ಸ್‌ಪೆಕ್ಟರ್ ಬ್ಯಾಟರಿ ಕೋಣೆಯ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು. ಒಳಗೆ ನೆಲದ ಮೇಲೆ ಹಳೇ ಪೇಪರು ಹಾಸಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಮಸಿ ಮೇಡಂ ತಲೆ ಎತ್ತಲಿಲ್ಲ. ಅವರ ಮುಂದೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕರೆಂಟು ಕಡಿಯುವ ಒಂದು ಬ್ರೇಕರ್ ಸುಟ್ಟು ಕರಕಲಾಗಿ ಬಿದ್ದಿತ್ತು. ಅದರ ಕವಚದ ಕೊನೆಯ ಸ್ಕ್ರೂ ಕರಗಿ ಅಂಟಿಕೊಂಡಿತ್ತು.

"ಸತ್ತವರ ಹೊಟ್ಟೆ ಬಗೆಯೋ ಡಾಕ್ಟರಿಗೂ ಹೀಗೇ ಬಾಗಿಲಲ್ಲಿ ನಿಂತು ಅವಸರ ಮಾಡ್ತೀರಾ?"

"ಇಲ್ಲ."

"ನಂಗೂ ಮಾಡಬೇಡಿ."

ಬೆಂಕಿ ಬಿದ್ದ ಕಡೆಗೆಲ್ಲ ಹೋಗಿ, ಅದು ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು ಎಂದು ಮಸಿ ನೋಡಿಯೇ ಹೇಳುವುದು ಈಕೆಯ ಕಸುಬು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಈಗ ಉಳಿದಿರುವುದು ಪೊಲೀಸರು ಚೇಷ್ಟೆಗೆ ಇಟ್ಟ ಈ ಹೆಸರೊಂದೇ.

ಹೋದ ವಾರ ಈ ಕೋಣೆಯಲ್ಲಿ, ಹಾಡಹಗಲಲ್ಲಿ, ಚಿಕ್ಕ ಮೇಸ್ತ್ರಿ ಸುಟ್ಟು ಸತ್ತಿದ್ದ. ಅವನ ಪಾಲುದಾರನಾಗಿ ಓಣಿಗೆಲ್ಲ ಸೋಲಾರ್ ಕರೆಂಟು ಕೊಡುತ್ತಿದ್ದ ಇಂಜಿನಿಯರ್ ಸೋಡಾಬುಡ್ಡಿ, ದಪ್ಪ ಕನ್ನಡಕದ ಹಿಂದೆ ಕಣ್ಣು ಮುಚ್ಚಿ, ಬಾಯಿ ಹೊಲಿದುಕೊಂಡು ಲಾಕಪ್ಪಿನಲ್ಲಿ ಕೂತಿದ್ದ.

ಟಕ್ ಎಂದು ಕವಚ ಬಿಟ್ಟುಕೊಂಡಿತು. ಮಸಿ ಮೇಡಂ ಒಳಗೆ ಟಾರ್ಚು ಹಾಕಿ ನೋಡಿದರು. ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡು ಮತ್ತೆ ನೋಡಿದರು.

"ಬನ್ನಿ ಇಲ್ಲಿ. ಪ್ಯಾಂಟು ಮಸಿಯಾದ್ರೆ ತೊಳೆದುಕೊಳ್ಳಬಹುದು."

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಮೇಡಂ ಸ್ಕ್ರೂಡ್ರೈವರಿನ ತುದಿಯಿಂದ ಒಳಗೆ ಸಾಲಾಗಿ ನಿಂತಿದ್ದ ತೆಳು ಲೋಹದ ತಗಡುಗಳನ್ನು ತೋರಿಸಿದರು. ನೋಡಲು ಬಾಚಣಿಗೆಯ ಹಲ್ಲಿನ ಹಾಗೇ ಇದ್ದವು. ಸುತ್ತ ಎಲ್ಲ ಸುಟ್ಟು ಹೋಗಿದ್ದರೂ ಅವು ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಪಾತ್ರೆಯಂತೆ ಹೊಳೆಯುತ್ತಿದ್ದವು.

"ಇದೇನೂ ಆಗಿಲ್ಲವಲ್ಲ."

"ಅದೇ ತೊಂದರೆ. ಇದೇ ಕಪ್ಪಾಗಬೇಕಿತ್ತು."

"ನಂಗೆ ಅರ್ಥ ಆಗೋ ಹಾಗೆ ಹೇಳಿ. ನಮ್ಮನೇಲಿ ದಿನಕ್ಕೆ ನೂರು ಸಲ ಸ್ವಿಚ್ಚು ತೆಗೀತೀವಿ, ಹಾಕ್ತೀವಿ. ಯಾರೂ ಸತ್ತಿಲ್ಲ."

"ನಿಮ್ಮನೇದು ಎಸಿ. ಅದು ಹೋಗ್ತಾ ಬರ್ತಾ ಇರೋ ಕರೆಂಟು. ತಿರುಗೋವಾಗೆಲ್ಲ ಒಂದು ಚೂರು ಹೊತ್ತು ಸೊನ್ನೆಗೆ ಇಳಿಯುತ್ತೆ. ಸ್ವಿಚ್ಚು ತೆಗೆದಾಗ ಹುಟ್ಟಿದ ಕಿಡಿ ಆಗಲೇ ಸಾಯುತ್ತೆ. ಈ ಓಣೀದು ಡಿಸಿ. ಪ್ಯಾನೆಲ್ಲಿಂದ, ಬ್ಯಾಟರಿಯಿಂದ ನೇರವಾಗಿ ಬರೋದು. ಇದು ನಡುವೆ ಉಸಿರು ತಗೊಳ್ಳಲ್ಲ. ಸ್ವಿಚ್ಚು ತೆಗೆದ್ರೂ ಗಾಳಿಯಲ್ಲೇ ಬೆಂಕಿಯ ಎಳೆ ಎಳ್ಕೊಂಡು ನಿಂತುಬಿಡುತ್ತೆ."

"ಮತ್ತೆ ಅದನ್ನ ಆರಿಸೋದು ಹೇಗೆ?"

"ಒಳಗೆ ಒಂದು ಅಯಸ್ಕಾಂತ ಇದೆ. ಅದು ಬೆಂಕಿಯ ಎಳೇನ ಈ ಬಾಚಣಿಗೆ ಕಡೆ ತಳ್ಳುತ್ತೆ. ಬಾಚಣಿಗೆ ಅದನ್ನ ತುಂಡು ತುಂಡು ಮಾಡಿ ಆರಿಸುತ್ತೆ. ಆದ್ರೆ ಈ ಜಾತಿ ಬ್ರೇಕರಿನ ಅಯಸ್ಕಾಂತಕ್ಕೆ ಒಂದೇ ದಿಕ್ಕು ಗೊತ್ತು. ಕರೆಂಟು ಕೆಳಗಿಂದ ಮೇಲಕ್ಕೆ ಹೋದ್ರೆ ಬೆಂಕಿ ಬಾಚಣಿಗೆಗೆ. ಮೇಲಿಂದ ಕೆಳಕ್ಕೆ ಬಂದ್ರೆ ಬೆಂಕಿ ಈ ಕಡೆ, ಹಿಡಿಗೆ." ಮೇಡಂ ಹಿಡಿಯ ಬುಡದಲ್ಲಿದ್ದ ತೂತನ್ನು ತೋರಿಸಿದರು. ಅದರಲ್ಲಿ ಬೆರಳು ತೂರಿಸಬಹುದಿತ್ತು. "ಹಿಡಿ ಅಂದ್ರೆ ಮನುಷ್ಯನ ಕೈ ಇರೋ ಕಡೆ."

ಇನ್ಸ್‌ಪೆಕ್ಟರ್ ಕರವಸ್ತ್ರ ಮಡಚಿ ಜೇಬಿಗಿಟ್ಟರು. ಅವರಿಗೂ ಮಕ್ಕಳಿದ್ದರು.

"ಅಂದ್ರೆ ಯಾರೋ ತಂತಿ ಉಲ್ಟಾ ಕಟ್ಟಿದ್ದಾರೆ."

"ಕಟ್ಟಿದ್ದಾರೆ."

"ಬ್ರೇಕರಿಗೆ ದಿಕ್ಕು ಇದೆ ಅಂತ ಗೊತ್ತಿರೋದು ಯಾರಿಗೆ? ಇಂಜಿನಿಯರಿಗೆ. ಕೋಣೆಯ ಇನ್ನೊಂದು ಬೀಗದ ಕೈ ಯಾರ ಹತ್ರ ಇತ್ತು? ಇಂಜಿನಿಯರ ಹತ್ರ. ಇಡೀ ಓಣಿ ಕೇಳೋ ಹಾಗೆ ಸತ್ತವನ ಜೊತೆ ಜಗಳ ಆಡಿದ್ದು ಯಾರು?" ಇನ್ಸ್‌ಪೆಕ್ಟರ್ ಎದ್ದು ಮಂಡಿ ಕೊಡವಿಕೊಂಡರು. "ಪುಣ್ಯ ಕಟ್ಕೊಂಡ್ರಿ ಮೇಡಂ. ಇಷ್ಟು ದಿನ ಅಪಘಾತವೋ ಏನೋ ಅಂತ ಒದ್ದಾಡ್ತಿದ್ದೆ. ಸಂಜೆ ಒಳಗೆ ಇದನ್ನೇ ಬರೆದು ಕೊಡಿ. ಕೊಲೆ ಅಂತಲೇ ಹಾಕ್ತೀನಿ."

ಹೇಳಿದವರು ಹೋಗಿಯೂ ಬಿಟ್ಟರು. ಮಸಿ ಮೇಡಂ ಅಲ್ಲೇ ಕೂತರು. ಠಾಣೆಯ ಮೆಟ್ಟಿಲ ಮೇಲೆ ಸೋಡಾಬುಡ್ಡಿಯ ತಾಯಿ ಬೆಳಗಿಂದ ಸಂಜೆವರೆಗೆ ಕೂತಿರುವುದನ್ನು ಅವರು ದಿನಾ ನೋಡುತ್ತಿದ್ದರು. ಆಕೆ ಯಾರನ್ನೂ ಏನೂ ಕೇಳುವುದಿಲ್ಲ, ಬಾಗಿಲ ಕಡೆ ನೋಡುತ್ತಾಳೆ ಅಷ್ಟೇ. ಆ ಹೆಂಗಸಿನ ಮಗನ ಕೊರಳಿಗೆ ಹಗ್ಗ ತಾವೇ ಹೊಸೆದು ಕೊಟ್ಟಂತಾಯಿತಲ್ಲ ಎಂದುಕೊಂಡರು.

ಏಳುವ ಮುಂಚೆ ಇನ್ನೊಮ್ಮೆ ಗೋಡೆಯ ಕಡೆ ಟಾರ್ಚು ಬಿಟ್ಟರು. ಅಲ್ಲಿ ಅವರ ಕಣ್ಣು ನಿಂತಿತು.

ಕೋಣೆಯ ತಂತಿಗಳನ್ನೆಲ್ಲ ಕಪ್ಪು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಬಾಲ ಕತ್ತರಿಸಿ, ಒಪ್ಪವಾಗಿ ಕೂರಿಸಿದ್ದರು. ಈ ಒಂದು ಬ್ರೇಕರಿಗೆ ಬಂದಿದ್ದ ತಂತಿಗಳಿಗೆ ಮಾತ್ರ ಪಟ್ಟಿ ಇರಲಿಲ್ಲ. ಬೆಂಕಿ ಮುಟ್ಟದ ಗೋಡೆಯಂಚಿನಲ್ಲಿ, ಮೇಣ ಸವರಿದ ಬಿಳಿ ದಾರ ಅವನ್ನು ಸುತ್ತಿಕೊಂಡು ಹೋಗಿತ್ತು. ಸುತ್ತಿಗೂ ಸುತ್ತಿಗೂ ಒಂದೇ ಅಂತರ. ಕೊನೆಯಲ್ಲಿ ಬೆರಳಿಟ್ಟರೂ ಗೊತ್ತಾಗದಷ್ಟು ಚಪ್ಪಟೆಯಾದ ಗಂಟು.

ಹೀಗೆ ದಾರ ಸುತ್ತುವ ತಾಳ್ಮೆ ಈಗಿನವರಿಗಿಲ್ಲ. ಸೋಡಾಬುಡ್ಡಿಗಂತೂ ಶೂ ಲೇಸು ಕಟ್ಟಿಕೊಳ್ಳಲೂ ಬರುವುದಿಲ್ಲ ಎಂದು ಓಣಿಯೇ ನಗುತ್ತಿತ್ತು. ಮಸಿ ಮೇಡಂ ಗಂಟಿನ ತುಂಡೊಂದನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡರು. ಬ್ರೇಕರನ್ನು ಪೇಪರಿನಲ್ಲಿ ಸುತ್ತಿ ಅದರ ಪಕ್ಕದಲ್ಲಿಟ್ಟರು.

ಹೊರಗೆ ಓಣಿ ಮಂಕಾಗಿತ್ತು. ದರ್ಜಿಗಳು ಮೂಲೆಗೆ ಎಸೆದಿದ್ದ ಕಾಲು ಮಿಷನ್ನುಗಳನ್ನು ಮತ್ತೆ ಎಳೆದುಕೊಂಡು ಕೂತಿದ್ದರು. ಬ್ರೆಡ್ಡಿನವನು ಹಿಟ್ಟನ್ನು ಕೈಯಲ್ಲೇ ನಾದುತ್ತಿದ್ದ, ಬೆವರು ಹಣೆಯಿಂದ ತೊಟ್ಟಿಕ್ಕುತ್ತಿತ್ತು. ಸೂರುಗಳ ಮೇಲೆ ಪ್ಯಾನೆಲ್ಲುಗಳು ಬಿಸಿಲು ಕಾಯಿಸಿಕೊಳ್ಳುತ್ತ ಸುಮ್ಮನೆ ಮಲಗಿದ್ದವು.

ದೊಡ್ಡ ಮೇಸ್ತ್ರಿಯ ಮನೆ ಓಣಿಯ ಕೊನೆಯಲ್ಲಿತ್ತು. ಮಗನನ್ನು ಕೊಂದವರು ಯಾರೆಂದು ಹುಡುಕಿಕೊಡಿ ಎಂದು ಮಸಿ ಮೇಡಂ ಅವರನ್ನು ಕರೆಸಿದ್ದು ಅವರೇ. ಊರ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದ ಕೈ ಅವರದು. ಈಗ ಮುಂಬಾಗಿಲ ಕೋಣೆಯಲ್ಲಿ ಚಾಪೆ ಹಾಸಿ, ಬಿಚ್ಚಿದ ಟೇಬಲ್ ಫ್ಯಾನೊಂದನ್ನು ಮುಂದಿಟ್ಟುಕೊಂಡು ಕೂತಿದ್ದರು. ಅವರ ಹಿಂದೆ ಗೋಡೆಗೆ ಇನ್ನೂ ನಾಲ್ಕೈದು ಫ್ಯಾನುಗಳು ಒರಗಿದ್ದವು.

"ಬನ್ನಿ ಮೇಡಂ. ಕೂತ್ಕೊಳ್ಳಿ," ಎಂದರು. "ಕೆಲಸಕ್ಕೆ ಬರ ಇಲ್ಲ ನೋಡಿ. ಇವೆಲ್ಲ ಓಣಿಯವರು ತಂದಿಟ್ಟಿದ್ದು. ಒಂದೂ ಕೆಟ್ಟಿಲ್ಲ."

"ಕೆಟ್ಟಿಲ್ವಾ?"

"ಎಲ್ಲ ಚೆನ್ನಾಗೇ ಇವೆ. ಮುದುಕ ಸುಮ್ನೆ ಕೂತ್ರೆ ಹುಚ್ಚು ಹಿಡಿಯುತ್ತೆ ಅಂತ ತಂದುಕೊಡ್ತಾರೆ. ನಾನೂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಸರಿಯಾಯ್ತು ಅಂತ ಕೊಡ್ತೀನಿ." ಅವರು ನಗಲು ನೋಡಿದರು. ನಗು ತುಟಿವರೆಗೆ ಬಂದು ವಾಪಸ್ಸು ಹೋಯಿತು. "ಅವನು ಬಾಯಿ ಬಿಟ್ಟನಾ? ಆ ಸೋಡಾಬುಡ್ಡಿ?"

"ಇಲ್ಲ."

"ಎಷ್ಟು ದಿನ ನನ್ನ ಮನೇಲಿ ಉಂಡಿದ್ದಾನೆ, ಗೊತ್ತಾ ನಿಮಗೆ?"

ಸೊಸೆ ಒಳಗಿಂದ ನೀರು ತಂದಿಟ್ಟಳು. ಗಂಡ ಸತ್ತಾಗಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು. ಮಾವನ ಬಟ್ಟೆ, ಮಾವನ ಮಾತ್ರೆ, ಮಾವನ ಊಟ, ಇಷ್ಟರಲ್ಲೇ ಅವಳ ದಿನ ಕಳೆಯುತ್ತಿತ್ತು. ಮೇಡಂ ಕಡೆ ಒಮ್ಮೆ ನೋಡಿ, ಒಳಗೆ ಹೋದಳು.

ದೊಡ್ಡ ಮೇಸ್ತ್ರಿ ಫ್ಯಾನಿನ ತಂತಿಗಳನ್ನು ಒಟ್ಟು ಮಾಡಿ, ಪಕ್ಕದ ಡಬ್ಬಿಯಿಂದ ದಾರ ಎಳೆದುಕೊಂಡರು. ಮೇಣದ ತುಂಡಿನ ಮೇಲೆ ಅದನ್ನು ಎರಡು ಸಲ ಜಾರಿಸಿದರು. ಆಮೇಲೆ ಸುತ್ತು, ಕುಣಿಕೆ, ಸುತ್ತು, ಕುಣಿಕೆ. ವಯಸ್ಸಾದ ಬೆರಳು ನಡುಗುತ್ತಿದ್ದರೂ ಅಂತರ ಒಂದು ಕೂದಲೆಳೆ ತಪ್ಪಲಿಲ್ಲ. ಕೊನೆಗೆ ಗಂಟು ಹಾಕಿ ಹೆಬ್ಬೆರಳಿನ ಉಗುರಿಂದ ಚಪ್ಪಟೆ ಮಾಡಿದರು.

ಮಸಿ ಮೇಡಂ ನೀರಿನ ಲೋಟ ಎತ್ತಿಕೊಂಡವರು ಕುಡಿಯುವುದನ್ನೇ ಮರೆತರು.

"ಮೇಸ್ತ್ರಿಗಳೇ, ನೀವು ಆ ಬ್ಯಾಟರಿ ಕೋಣೆಗೆ ಯಾವತ್ತಾದ್ರೂ ಹೋಗಿದ್ರಾ?"

"ಒಂದೇ ಒಂದು ಸಲ." ಮುದುಕರ ಮುಖ ಅರಳಿತು. ಅದನ್ನು ನೋಡಿಯೇ ಮೇಡಂಗೆ ಇನ್ನಷ್ಟು ಕಷ್ಟವಾಯಿತು. "ಮಗ ನನ್ನ ಕಸುಬು ಬಿಟ್ಟು ಈ ಸೋಲಾರ್ ಹಿಂದೆ ಹೋದಾಗಿಂದ ನಾವಿಬ್ಬರೂ ಮಾತು ಬಿಟ್ಟಿದ್ವಿ. ಒಂದೇ ಮನೇಲಿ ಇದ್ದು ಮಾತಿಲ್ಲ. ಏನಿದ್ರೂ ಸೊಸೆ ಕೈಲೇ. 'ನಿನ್ನ ಗಂಡನಿಗೆ ಊಟಕ್ಕೆ ಬರೋಕೆ ಹೇಳು', 'ನಿನ್ನ ಮಾವನಿಗೆ ಔಷಧಿ ಆಯ್ತಾ ಕೇಳು.' ಪಾಪ, ಆ ಹೆಣ್ಣುಮಗಳು ಈ ಗೋಡೆಗೂ ಆ ಗೋಡೆಗೂ ಸುದ್ದಿ ಸಾಗಿಸಿ ಸುಸ್ತಾಗಿದ್ಲು."

"ಆಮೇಲೆ?"

"ಆಮೇಲೆ ಈ ಬೇಸಿಗೆ ಶುರುವಾಗೋ ಮುಂಚೆ ಒಂದು ದಿನ ತಾನೇ ಬಂದು ಎದುರು ನಿಂತ. 'ಅಪ್ಪ, ಬಂದು ನೋಡ್ತೀರಾ?' ಅಂದ. ಅಷ್ಟೇ. ನಾನೂ ಅಂಗಿ ಹಾಕ್ಕೊಂಡು ಹೊರಟೆ."

ದಾರದ ಉಂಡೆ ಚಾಪೆಯ ಮೇಲೆ ಉರುಳಿತು. ಮೇಸ್ತ್ರಿ ಅದನ್ನು ಎತ್ತಲಿಲ್ಲ.

"ಅವತ್ತು ಓಣಿಗೆ ರಜಾ. ಬ್ಯಾಟರಿ ತಂತಿಗಳನ್ನ ಬಿಚ್ಚಿಟ್ಟು ಧೂಳು ಹೊಡೀತಿದ್ದ. ಎಷ್ಟು ಚೊಕ್ಕಟ ಕೆಲಸ ಅಂತೀರಿ. ನಂಗೆ ಹೆಮ್ಮೆ ಆಯ್ತು, ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಜನಕ್ಕೆ ಹೇಳೋ ರೂಢಿ ಎಲ್ಲಿದೆ? ಹುಡುಕಿ ಹುಡುಕಿ ಒಂದು ತಪ್ಪು ಕಂಡೆ. ಒಂದು ಬ್ರೇಕರಿಗೆ ಸಪ್ಲೈ ಕೆಳಗಿಂದ ಕೊಟ್ಟಿದ್ದ."

ಮಸಿ ಮೇಡಂ ಕಣ್ಣು ಮುಚ್ಚಿದರು.

"ಬರೋದು ಮೇಲೆ, ಹೋಗೋದು ಕೆಳಗೆ. ಇದು ಮೊದಲನೇ ಪಾಠ. ನನ್ನ ಕೈಕೆಳಗೆ ಕಲಿತವರಿಗೆಲ್ಲ ಇದಕ್ಕೇ ತಲೆ ಮೇಲೆ ಮೊಟಕಿದ್ದೀನಿ. ಮುಂದೆ ಯಾರೋ ಬಂದು, ಸ್ವಿಚ್ಚು ತೆಗೆದಿದೆ, ಕೆಳಗಿನ ತಂತೀಲಿ ಕರೆಂಟಿಲ್ಲ ಅಂತ ನಂಬಿ ಕೈ ಹಾಕ್ತಾರಲ್ಲ, ಅವರ ಜೀವ ಉಳಿಸೋ ಪಾಠ ಅದು. ಅಷ್ಟರಲ್ಲಿ ಅವನಿಗೆ ಯಾರದೋ ಫೋನ್ ಬಂತು, ಹೊರಗೆ ಹೋದ. ನಾನು ಬಿಚ್ಚಿ, ತಿರುಗಿಸಿ, ಸರಿ ಮಾಡಿದೆ. ಜೇಬಲ್ಲಿ ದಾರ ಇತ್ತು, ಸುತ್ತಿಯೂ ಕೊಟ್ಟೆ. ಇಷ್ಟು ವರ್ಷ ಅವನಿಗೆ ಏನೂ ಕೊಟ್ಟಿರಲಿಲ್ಲ ಮೇಡಂ. ಅದೊಂದು ಕೊಟ್ಟ ಹಾಗಾಯ್ತು."

"ಅವರು ಬಂದು ಏನಂದ್ರು?"

"ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ನಿಂತ. 'ಚೆನ್ನಾಗಿದೆ ಅಪ್ಪ' ಅಂದ." ಮೇಸ್ತ್ರಿ ಮೂಗು ಒರೆಸಿಕೊಂಡರು. "ಆ ಕೋಣೇಲಿ ನನ್ನ ಕೈ ಕೆಲಸ ಅಂತ ಇದ್ದದ್ದು ಅದೊಂದೇ. ಅದೂ ಸುಟ್ಟು ಹೋಯ್ತಾ?"

ಬೆಂಕಿಗೆ ಹೆದರದ ಹೆಂಗಸು ಒಂದು ಫ್ಯಾನಿನ ರೆಕ್ಕೆ ನೋಡುತ್ತ ಕೂತಿದ್ದರು. ಬಾಯಿ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲ. ಬಿಡದಿದ್ದರೆ ಸಂಜೆಗೆ ಮೆಟ್ಟಿಲ ಮೇಲಿನ ಆ ತಾಯಿ ಮಗನನ್ನು ಕಳೆದುಕೊಳ್ಳುತ್ತಾಳೆ. ಎದ್ದು ಹೋಗಿಬಿಡಬೇಕು, ಏನೂ ಸಿಗಲಿಲ್ಲ ಎಂದು ಬರೆದುಬಿಡಬೇಕು ಎಂದು ಒಂದು ಗಳಿಗೆ ಅವರಿಗೆ ನಿಜವಾಗಿಯೂ ಅನಿಸಿತು. ಚೀಲ ಹೆಗಲಿಗೇರಿಸಿದರು.

"ಆ ಚೀಲದಲ್ಲಿರೋದು ಅದೇನಾ?" ಎಂದರು ಮೇಸ್ತ್ರಿ.

"ಏನು?"

"ಸುಟ್ಟ ಸ್ವಿಚ್ಚಿನ ಬೇಕಲೈಟ್ ವಾಸನೆ ನಂಗೆ ಗೊತ್ತಾಗಲ್ವಾ? ತೋರಿಸಿ."

"ಬೇಡ ಮೇಸ್ತ್ರಿಗಳೇ."

"ನನ್ನ ಮಗನ ಮುಖ ಯಾರೂ ತೋರಿಸಲಿಲ್ಲ. ಬಟ್ಟೆ ಮುಚ್ಚಿಯೇ ಕಳಿಸಿದ್ರು. ಇದನ್ನಾದ್ರೂ ತೋರಿಸಿ."

ಈ ಮಾತಿಗೆ ಎದುರು ಹೇಳಲು ಮೇಡಂ ಅವರಿಂದ ಆಗಲಿಲ್ಲ. ಪೇಪರು ಬಿಚ್ಚಿದರು.

ಮೇಸ್ತ್ರಿ ಬ್ರೇಕರನ್ನು ಬೆಳಕಿಗೆ ಹಿಡಿದರು. ಆ ಕಡೆ, ಈ ಕಡೆ ತಿರುಗಿಸಿದರು. ಕೆಟ್ಟ ಸಾಮಾನು ಕೈಗೆ ಬಂದೊಡನೆ ಅವರ ಮುಖದಲ್ಲಿ ದುಃಖ ಹಿಂದೆ ಸರಿದು ಕಸುಬು ಮುಂದೆ ಬಂತು.

"ಇದ್ಯಾಕೆ ಕಿಡಿ ಆರಿಸೋ ಕಡೆ ಚೊಕ್ಕಟವಾಗಿದೆ? ಹಿಡಿ ಕಡೆ ಯಾಕೆ ಬಂತು ಬೆಂಕಿ?"

"ಇದು ಡಿಸಿ ಬ್ರೇಕರ್. ಇದಕ್ಕೆ ಒಂದೇ ದಿಕ್ಕು."

"ಯಾವ ದಿಕ್ಕು?"

ಮಸಿ ಮೇಡಂ ಎಷ್ಟೋ ಬೆಂಕಿಗಳ ಕಥೆ ಎಷ್ಟೋ ಜನಕ್ಕೆ ಹೇಳಿದ್ದರು. ಇದನ್ನು ಮಾತ್ರ ತೀರ ಮೆಲ್ಲಗೆ ಹೇಳಿದರು.

"ಕೆಳಗಿಂದ ಮೇಲಕ್ಕೆ."

ಮೇಸ್ತ್ರಿ ತಲೆಯಾಡಿಸಿದರು, ಅರ್ಥವಾದಂತೆ. ಅರ್ಥ ಆಗಿರಲಿಲ್ಲ. ಆಮೇಲೆ ಆಯಿತು. ಬ್ರೇಕರನ್ನು ಜೋಪಾನವಾಗಿ ಚಾಪೆಯ ಮೇಲಿಟ್ಟರು, ಅದಕ್ಕೆ ನೋವಾಗಬಾರದು ಎಂಬಂತೆ.

"ನಾನು ತಿರುಗಿಸದೇ ಇದ್ದಿದ್ರೆ?"

"ಬಿಡಿ ಈಗ."

"ಹೇಳಿ ಮೇಡಂ. ನಾನು ತಿರುಗಿಸದೇ ಇದ್ದಿದ್ರೆ ಏನಾಗ್ತಿತ್ತು?"

"ಕಿಡಿ ಬಾಚಣಿಗೆಗೆ ಹೋಗ್ತಿತ್ತು. ಟಕ್ ಅಂತ ಒಂದು ಶಬ್ದ. ಅಷ್ಟೇ."

"ಅವನು ಮನೆಗೆ ಬರ್ತಿದ್ದ."

"ಬರ್ತಿದ್ರು."

ಮುದುಕರು ಅಳಲಿಲ್ಲ. ಫ್ಯಾನಿಗೆ ಈಗಷ್ಟೇ ಸುತ್ತಿದ ದಾರವನ್ನು ಉಗುರಿನಿಂದ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ಬಿಚ್ಚಲಿಲ್ಲ. ಹಲ್ಲಿಟ್ಟು ಕಚ್ಚಿದರು. ಆಮೇಲೆ ಫ್ಯಾನನ್ನು ದೂರ ತಳ್ಳಿ, ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅವನ್ನೇ ನೋಡುತ್ತ ಕೂತರು. ಮಸಿ ಮೇಡಂಗೆ ಅಳು ಬಂತು. ಬರಲಿ ಎಂದು ಬಿಟ್ಟರು.

"ಆ ಹುಡುಗನ್ನ ಬಿಡಿಸಿ," ಎಂದರು ಮೇಸ್ತ್ರಿ ಕೊನೆಗೆ. "ಅವರಮ್ಮ ಠಾಣೆ ಮೆಟ್ಟಿಲ ಮೇಲೆ ಕೂತಿರ್ತಾಳೆ. ನಿನ್ನೆ ನನ್ನ ನೋಡಿ ಎದ್ದು ನಿಂತಳು. ನಾನು ಮುಖ ತಿರುಗಿಸಿಕೊಂಡು ಬಂದೆ. ನಡೀರಿ, ಹೋಗೋಣ. ನಾನೇ ಮಾಡಿದ್ದು ಅಂತ ಹೇಳ್ತೀನಿ."

ಅವರು ಗೋಡೆ ಹಿಡಿದು ಎದ್ದರು.

"ಮಾವ."

ಒಳಬಾಗಿಲಲ್ಲಿ ಸೊಸೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದು ಮಾವನ ತೋಳು ಹಿಡಿದು ಮತ್ತೆ ಕೂರಿಸಿದಳು, ತಾನೂ ಪಕ್ಕದಲ್ಲಿ ಕೂತಳು.

"ಅವರಿಗೆ ಗೊತ್ತಿತ್ತು, ಮಾವ."

"ಏನು ಗೊತ್ತಿತ್ತು?"

"ನೀವು ಉಲ್ಟಾ ಹಾಕಿದ್ದು. ಅವತ್ತೇ ಬಂದು ನಂಗೆ ಹೇಳಿದ್ರು. 'ಅಪ್ಪ ನನ್ನ ಬ್ರೇಕರ್ ತಿರುಗಿಸಿಟ್ಟಿದ್ದಾರೆ ಕಣೇ' ಅಂತ ನಕ್ಕರು. ಬಿಚ್ಚಿ ಸರಿ ಮಾಡೋಕೆ ಮನಸ್ಸು ಬರಲಿಲ್ವಂತೆ. 'ಆ ದಾರ ಕತ್ತರಿಸೋಕೆ ಕೈ ಬರಲ್ಲ, ಅಪ್ಪ ಎಷ್ಟು ವರ್ಷದ ಮೇಲೆ ನನ್ನ ಕೆಲಸ ಮುಟ್ಟಿದ್ದಾರೆ' ಅಂದ್ರು. ಯಾವ ಕಡೆಯಿಂದ ಬಂದ್ರೂ ತಡೆಯೋ ಬೇರೆ ಜಾತಿ ಬ್ರೇಕರ್ ತರಿಸ್ತೀನಿ, ಆಗ ನಿಮ್ಮ ದಾರ ಹಾಗೇ ಉಳಿಯುತ್ತೆ ಅಂತ ಇದ್ರು. ಅದು ಬರೋದು ತಡ ಆಯ್ತು."

ಮೇಸ್ತ್ರಿ ಉರುಳಿದ್ದ ದಾರದ ಉಂಡೆ ಎತ್ತಿ ಹಿಡಿದುಕೊಂಡರು.

"ಜಗಳ?" ಎಂದು ಕೇಳಿದರು ಮಸಿ ಮೇಡಂ. "ಸೋಡಾಬುಡ್ಡಿ ಜೊತೆ ಆಡಿದ ಜಗಳ?"

"ಇದಕ್ಕೇ. ಅವನು ನೋಡಿ ಕೂಗಾಡಿದ. 'ಇವತ್ತೇ ಬಿಚ್ಚು. ಎಲ್ಲೋ ಶಾರ್ಟ್ ಆಗಿ ಇದು ತಾನಾಗೇ ಟ್ರಿಪ್ ಆಗಿ ಆಫ್ ಆದ್ರೆ ಏನು ಗತಿ' ಅಂದ. ಇವರು ಕೇಳಲಿಲ್ಲ. 'ಅಪ್ಪನಿಗೆ ಮಾತ್ರ ಹೇಳಬೇಡ, ಹೇಳಿದ್ರೆ ನನ್ನ ಮೇಲೆ ಆಣೆ' ಅಂದ್ರು." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಅವನು ಠಾಣೇಲೂ ಹೇಳಿಲ್ಲ ನೋಡಿ."

ಒಬ್ಬ ಸತ್ತವನಿಗೆ ಕೊಟ್ಟ ಮಾತಿಗಾಗಿ ಇನ್ನೊಬ್ಬ ಕೊಲೆಗಾರನಾಗಲು ಒಪ್ಪಿ ಕೂತಿದ್ದ. ಅವನ ಮೌನವನ್ನು ತಾವೂ ಅನುಮಾನಿಸಿದ್ದು ನೆನೆದು ಮಸಿ ಮೇಡಂಗೆ ನಾಚಿಕೆಯಾಯಿತು. ಆದರೆ ಕಸುಬಿನ ತಲೆ ಸುಮ್ಮನಿರುವುದಿಲ್ಲ. ಚಾಪೆಯ ಮೇಲಿನ ಬ್ರೇಕರನ್ನು ಅವರು ಮತ್ತೆ ಕೈಗೆತ್ತಿಕೊಂಡರು.

"ಗೊತ್ತಿದ್ರೂ ದಿನಾ ಅದನ್ನ ಬಳಸ್ತಿದ್ರಾ?"

"ಕರೆಂಟು ಹರೀತಿರುವಾಗ ಮುಟ್ಟುತ್ತಿರಲಿಲ್ಲ. ಆರಿಸಬೇಕಾದ್ರೆ ಮೊದಲು ಓಣಿಯೆಲ್ಲ ಸುತ್ತೋರು. ದರ್ಜಿ ಹತ್ರ, ಬ್ರೆಡ್ಡಿನವನ ಹತ್ರ, ಒಬ್ಬೊಬ್ಬರಿಗೂ ಮಿಷನ್ ನಿಲ್ಲಿಸಿ ಅಂತ ಹೇಳಿ, ಎಲ್ಲ ನಿಂತ ಮೇಲೇ ಬಂದು ಸ್ವಿಚ್ಚು ತೆಗೆಯೋರು. ಆಗ ಕಿಡಿಯೇ ಹುಟ್ಟಲ್ವಂತೆ. ಮದುವೆಗೆ ಕರೆಯೋಕೆ ಬಂದ್ಯಾ ಅಂತ ಓಣಿಯವರು ತಮಾಷೆ ಮಾಡ್ತಿದ್ರು."

"ಅವತ್ತು ಸುತ್ತಲಿಲ್ಲ."

ಸೊಸೆ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿಕೊಂಡಳು.

"ಅವತ್ತು ಮಧ್ಯಾಹ್ನ ಓಣಿಯ ಮಿಷನ್ನುಗಳೆಲ್ಲ ಓಡ್ತಿದ್ವು.  ಬೆಂಕಿ ಎದ್ದ ಮೇಲೇ ನಿಂತಿದ್ದು ಅಂತ ಎಲ್ಲರೂ ಹೇಳಿದ್ದಾರೆ." ಮಸಿ ಮೇಡಂ ಹಿಡಿಯ ಮೇಲೆ ಬೆರಳಿಟ್ಟರು. "ಇಲ್ಲಿ ನೋಡಿ. ಬ್ರೇಕರ್ ತಾನಾಗೇ ಟ್ರಿಪ್ ಆದ್ರೆ ಈ ಹಿಡಿ ನಡುವೆ ನಿಲ್ಲುತ್ತೆ. ಇದು ಪೂರ್ತಿ ಕೆಳಗಿದೆ. ಕೈಯಿಂದ ಎಳೆದಿದ್ದಾರೆ, ಅದೂ ಇದ್ದ ಬಲವೆಲ್ಲ ಹಾಕಿ."

"ಗೊತ್ತಿದ್ದೂ ಎಳೆದನಾ?" ಮೇಸ್ತ್ರಿಯ ದನಿ ಒಡೆಯಿತು. "ಸಾಯ್ತೀನಿ ಅಂತ ಗೊತ್ತಿದ್ದೂ?"

"ಗೊತ್ತಿದ್ದೇ. ಓಣಿ ಸುತ್ತಿ ಬರೋಷ್ಟು ಹೊತ್ತು ಇರಲಿಲ್ಲ ಅವರಿಗೆ. ಡಿಸಿ ತಂತಿ ಹಿಡಿದವರ ಕೈ ಬಿಗಿದುಕೊಂಡುಬಿಡುತ್ತೆ ಮೇಸ್ತ್ರಿಗಳೇ, ಬಿಡಿಸಿಕೊಳ್ಳೋಕಾಗಲ್ಲ. ಇಷ್ಟು ಅವಸರಕ್ಕೆ ಬೇರೆ ಕಾರಣ ಕಾಣಲ್ಲ, ತಂತಿಯ ಆ ತುದೀಲಿ ಯಾರೋ ಸಿಕ್ಕಿಕೊಂಡಿರಬೇಕು. ಅವರು ಉಳೀಬೇಕಾದ್ರೆ ಆ ಕ್ಷಣವೇ ಕರೆಂಟು ನಿಲ್ಲಬೇಕಿತ್ತು."

ಹೊರಗೆ ದರ್ಜಿಯ ಕಾಲು ಮಿಷನ್ನು ಗಡಗಡ ಸದ್ದು ಮಾಡಿ ನಿಂತಿತು.

"ಅಂದ್ರೆ ಯಾರೋ ಒಬ್ಬರು ಬದುಕಿದ್ದಾರೆ," ಎಂದರು ಮೇಸ್ತ್ರಿ. ಅವರ ಮುಖದಲ್ಲಿ ಈಗ ಬೇರೆಯೇ ಒಂದು ಹಸಿವು ಬಂದಿತ್ತು. "ನನ್ನ ಮಗನ ಜೀವ ತಗೊಂಡು ಬದುಕಿದ್ದಾರೆ. ಹುಡುಕಿ ಕೊಡಿ ಮೇಡಂ. ಬೈಯಲ್ಲ ನಾನು, ಏನೂ ಕೇಳಲ್ಲ. ಒಂದು ಸಲ ನೋಡ್ತೀನಿ ಅಷ್ಟೇ. ಅವನು ಉಳಿಸಿದ ಜೀವ ಹೇಗಿದೆ ಅಂತ ಕಣ್ಣಲ್ಲಿ ನೋಡಿಬಿಡ್ತೀನಿ."

"ನೀವು ದಿನಾ ನೋಡ್ತಾನೇ ಇದ್ದೀರಿ, ಮಾವ," ಎಂದಳು ಸೊಸೆ.

ಮೇಸ್ತ್ರಿ ಅವಳ ಕಡೆ ತಿರುಗಿದರು. ಅವರಿಗೆ ಕಿವಿ ಸರಿಯಾಗಿಯೇ ಕೇಳಿಸುತ್ತಿತ್ತು. ಆದರೂ ಕೇಳಿಸದವರಂತೆ ಅವಳ ತುಟಿಗಳನ್ನೇ ನೋಡಿದರು.

"ಆ ಹೊತ್ತಲ್ಲಿ ನೀನು ನಿಮ್ಮಕ್ಕನ ಮನೇಲಿದ್ದೆ ಅಲ್ವೇನವ್ವ? ಪೊಲೀಸರಿಗೂ ಹಾಗೇ ಹೇಳಿದೀಯಲ್ಲ."

ಅವಳು ಮಾವನ ಕಾಲ ಬಳಿ ತಲೆ ತಗ್ಗಿಸಿ ಕೂತಳು.

"ಅಕ್ಕನ ಮನೇಲಿ ಇರಲಿಲ್ಲ ಮಾವ. ಆ ತಂತಿಗೆ ಸಿಕ್ಕಿಕೊಂಡಿದ್ದೆ," ಎಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ನಾನೊಬ್ಬಳೇ ಇರಲಿಲ್ಲ."